ಎಲೆತೊಟ್ಟಿನ ಹಿಡಿತ: ಕ್ಲೆಮ್ಯಾಟಿಸ್ ಬಳ್ಳಿಗೆ ಎಂಥ ಆಸರೆ ಬೇಕು?

ನಮ್ಮ ಹಿತ್ತಲಿನ ಬಳ್ಳಿಗಳೆಲ್ಲ ಒಂದೇ ರೀತಿಯಲ್ಲಿ ಮೇಲೇರುವುದಿಲ್ಲ ಎಂಬುದನ್ನು ನೀವು ಗಮನಿಸಿರಬಹುದು. ಅವರೆಬಳ್ಳಿ ತನ್ನ ಕಾಂಡವನ್ನೇ ಕೋಲಿಗೆ ಸುತ್ತುತ್ತದೆ. ಹಾಗಲ ಕುಡಿಬಳ್ಳಿಯನ್ನು ಚಾಚುತ್ತದೆ. ಕರಿಮೆಣಸು ಬೇರುಗಳಿಂದ ಮರಕ್ಕೆ ಅಂಟಿಕೊಳ್ಳುತ್ತದೆ. ಈ ಮೂರನ್ನೂ ಬಿಟ್ಟು, ಎಲೆಯ ತೊಟ್ಟನ್ನೇ ಕೈಯಾಗಿ ಬಳಸುವ ಬಳ್ಳಿಯೊಂದಿದೆ. ಅದೇ ಕ್ಲೆಮ್ಯಾಟಿಸ್.

ರನನ್‌ಕ್ಯುಲೇಸಿ ಕುಟುಂಬಕ್ಕೆ ಸೇರಿದ ಈ ಜಾತಿಯಲ್ಲಿ ಸುಮಾರು 300 ಪ್ರಭೇದಗಳಿವೆ. ಇಂಗ್ಲೆಂಡಿನ ಮನೆತೋಟಗಳಲ್ಲಂತೂ ಇದು ಬಹು ಜನಪ್ರಿಯ. ವೋಕಿಂಗ್ ಎಂಬ ಊರಿನ ಜ್ಯಾಕ್‌ಮನ್ ನರ್ಸರಿಯಲ್ಲಿ 1858ರಲ್ಲಿ ನಡೆಸಿದ ಸಂಕರಣದಿಂದ ಬಂದ, ಕಡುನೇರಳೆ ಹೂವಿನ ‘ಜ್ಯಾಕ್‌ಮನಿ’ ತಳಿಯನ್ನು ಇಂದಿಗೂ ಬೆಳೆಸುತ್ತಾರೆ. ಅಂದಹಾಗೆ, ಆ ಹೂವಿನಲ್ಲಿ ನಾವು ದಳಗಳೆಂದು ಮೆಚ್ಚುವ ಭಾಗಗಳು ಪುಷ್ಪದಳಗಳಲ್ಲ, ಬಣ್ಣ ತಳೆದ ಪುಷ್ಪಪತ್ರಗಳು.

ಈ ಬಳ್ಳಿಯನ್ನು ಹೊಸದಾಗಿ ನೆಡುವವರು ಅದಕ್ಕೆ ದಪ್ಪನೆಯ ಕಂಬವನ್ನೋ ಬಿದಿರಿನ ಗಳುವನ್ನೋ ಊರುವುದುಂಟು. ಆಸರೆ ಗಟ್ಟಿಯಾದಷ್ಟೂ ಒಳ್ಳೆಯದೆಂಬ ಎಣಿಕೆ ಅವರದು. ಆದರೆ ಬಳ್ಳಿ ಅದನ್ನು ಏರುವುದೇ ಇಲ್ಲ. ದಾರದಿಂದ ಬಿಗಿದು ಕಟ್ಟಿದರೆ ಗಾಳಿಗೆ ಹೊಯ್ದಾಡಿ, ಕಡ್ಡಿಯಂಥ ಎಳೆಯ ಕಾಂಡ ಕಟ್ಟಿದಲ್ಲೇ ಮುರಿಯುತ್ತದೆ. ಇದಕ್ಕೆ ಕಾರಣ ಸಸ್ಯವಿಜ್ಞಾನದಲ್ಲಿ ಎಷ್ಟಿದೆಯೋ ಭೌತವಿಜ್ಞಾನದಲ್ಲೂ ಅಷ್ಟೇ ಇದೆ.

ಮೊದಲು ಸಸ್ಯದ ಕಡೆಯಿಂದ ನೋಡೋಣ. ಹತ್ತುವ ಗಿಡಗಳ ಚಲನೆಯನ್ನು ಕುರಿತ ತನ್ನ ದೀರ್ಘ ಪ್ರಬಂಧವನ್ನು ಚಾರ್ಲ್ಸ್ ಡಾರ್ವಿನ್ 1865ರಲ್ಲಿ ಪ್ರಕಟಿಸಿದ. ಅದರಲ್ಲಿ ಹಲವು ಕ್ಲೆಮ್ಯಾಟಿಸ್ ಪ್ರಭೇದಗಳ ವಿವರಗಳಿವೆ. ಎಳೆಯ ಎಲೆತೊಟ್ಟನ್ನು ಕಡ್ಡಿಯಿಂದ ಮೆಲ್ಲಗೆ ಉಜ್ಜಿದರೆ ಅದು ಉಜ್ಜಿದ ಕಡೆಗೆ ಬಾಗುತ್ತಿತ್ತು. ಹಿಡಿಯಲು ಏನೂ ಸಿಗದಿದ್ದರೆ ಮತ್ತೆ ನೆಟ್ಟಗಾಗುತ್ತಿತ್ತು. ಸುಮಾರು 16 ಮಿಲಿಗ್ರಾಂ ತೂಕದ ದಾರದ ಕುಣಿಕೆಯನ್ನು ನೇತುಹಾಕಿದರೂ ಸಾಕು, ತೊಟ್ಟು ಬಾಗುತ್ತಿತ್ತು! ಇದು ಸ್ಪರ್ಶಾನುವರ್ತನೆ. ಸ್ಪರ್ಶಕ್ಕೆ ಒಳಗಾದ ಬದಿಗಿಂತ ಎದುರು ಬದಿ ಹೆಚ್ಚು ಉದ್ದ ಬೆಳೆಯುವುದರಿಂದ ತೊಟ್ಟು ಬಾಗಿ ಆಸರೆಯನ್ನು ಸುತ್ತುತ್ತದೆ. ಸುತ್ತಿದ ಬಳಿಕ ದಪ್ಪವಾಗಿ, ಕಟ್ಟಿಗೆಯಂತೆ ಗಡುಸಾಗುತ್ತದೆ.

ಇನ್ನು ಭೌತವಿಜ್ಞಾನ. ಕೊಸರಾಡುವ ಎತ್ತಿನ ಹಗ್ಗವನ್ನು ಗೂಟಕ್ಕೆ ಎರಡು ಸುತ್ತು ಹಾಕಿ, ತುದಿಯನ್ನು ಹಿಡಿದು ನಿಲ್ಲುವ ಹುಡುಗನನ್ನು ನೆನೆಯಿರಿ. ಎತ್ತನ್ನು ತಡೆಯುವ ಬಲ ಅವನ ತೋಳಿನದಲ್ಲ, ಗೂಟದ ಮೇಲಿನ ಘರ್ಷಣೆಯದು. ಘರ್ಷಣಾ ಗುಣಾಂಕ 0.3 ಎಂದಿಟ್ಟುಕೊಂಡರೆ, ಒಂದು ಸುತ್ತಿಗೆ ಅವನ ಬಲ ಸುಮಾರು 6.6 ಪಟ್ಟಾಗುತ್ತದೆ. ಎರಡು ಸುತ್ತಿಗೆ 43 ಪಟ್ಟು, ಮೂರಕ್ಕೆ 286 ಪಟ್ಟು. ಇದು ಘಾತೀಯ ಏರಿಕೆ. 18ನೆಯ ಶತಮಾನದಲ್ಲಿ ಗಣಿತಜ್ಞ ಆಯ್ಲರ್ ಇದನ್ನು ವಿಶ್ಲೇಷಿಸಿದ. ಗಮನಿಸಿ, ಇಲ್ಲಿ ಗೂಟದ ದಪ್ಪದ ಪ್ರಶ್ನೆಯೇ ಬರುವುದಿಲ್ಲ. ಎಷ್ಟು ಸುತ್ತು ಎಂಬುದಷ್ಟೇ ಮುಖ್ಯ.

ಆದರೆ ಹಗ್ಗವನ್ನು ಬೇಕಾದಷ್ಟು ಉದ್ದ ತರಬಹುದು, ಎಲೆತೊಟ್ಟಿನ ಉದ್ದಕ್ಕೆ ಮಿತಿಯಿದೆ. ಸುತ್ತಲು ಸಿಗುವ ಭಾಗ 3 ಸೆಂ.ಮೀ. ಎನ್ನೋಣ. 5 ಮಿ.ಮೀ. ದಪ್ಪದ ಕಡ್ಡಿಗೆ ಅದು ಹತ್ತಿರ ಹತ್ತಿರ ಎರಡು ಸುತ್ತು ಬರುತ್ತದೆ, ಹಿಡಿತ ಸುಮಾರು 36 ಪಟ್ಟು. 1 ಸೆಂ.ಮೀ. ದಪ್ಪವಾದರೆ ಒಂದು ಸುತ್ತೂ ಪೂರ್ತಿಯಾಗದು, ಹಿಡಿತ 6 ಪಟ್ಟಿಗೆ ಇಳಿಯುತ್ತದೆ. ಅಂದರೆ ದಪ್ಪ ಎರಡರಷ್ಟಾದಾಗ ಹಿಡಿತ ಅರ್ಧವಾಗುವುದಿಲ್ಲ, ಅದರ ವರ್ಗಮೂಲವಾಗುತ್ತದೆ! 5 ಸೆಂ.ಮೀ. ಕಂಬಕ್ಕಾದರೆ ತೊಟ್ಟು ಐದನೆಯ ಒಂದು ಸುತ್ತನ್ನೂ ಮುಟ್ಟದು. ಕೊಕ್ಕೆಯೇ ಆಗದ ಮೇಲೆ ಹಿಡಿತವೆಲ್ಲಿಂದ ಬಂದೀತು? ನಿಜವಾದ ತೊಟ್ಟು ಹಗ್ಗದಷ್ಟು ಮೆತುವಲ್ಲ, ಈ ಲೆಕ್ಕ ಸ್ಥೂಲವಾದದ್ದು. ಆದರೂ ಅನುಭವಿ ತೋಟಗಾರರು 1 ಸೆಂ.ಮೀ.ಗಿಂತ ತೆಳುವಾದ ಆಸರೆಯನ್ನೇ ಏಕೆ ಬಯಸುತ್ತಾರೆಂಬುದು ಇದರಿಂದ ತಿಳಿಯುತ್ತದೆ. ಕಂಬ ಇರಲಿ, ಅದರ ಸುತ್ತ ತಂತಿಬಲೆಯನ್ನೋ ಮೀನಿನ ಬಲೆಯಂಥ ಹುರಿಬಲೆಯನ್ನೋ ಕಟ್ಟಿದರೆ ಸಾಕು, ಉಳಿದದ್ದನ್ನು ಬಳ್ಳಿಯೇ ನೋಡಿಕೊಳ್ಳುತ್ತದೆ.

ಕ್ಲೆಮ್ಯಾಟಿಸ್‌ಗೆ ತಲೆ ಬಿಸಿಲಲ್ಲಿ, ಪಾದ ನೆರಳಲ್ಲಿ ಇರಬೇಕೆಂದು ಹೇಳುತ್ತಾರೆ. ಸಾಧಾರಣ ಮಣ್ಣಿನಲ್ಲಿ ಹಗಲು-ರಾತ್ರಿಯ ತಾಪದ ಏರಿಳಿತ ಸುಮಾರು 12 ಸೆಂ.ಮೀ. ಆಳಕ್ಕೆ ಮೂರನೆಯ ಒಂದು ಭಾಗದಷ್ಟಕ್ಕೆ ಕುಗ್ಗುತ್ತದೆ. 30 ಸೆಂ.ಮೀ. ಆಳದಲ್ಲಿ ಹತ್ತನೆಯ ಒಂದು ಭಾಗವೂ ಉಳಿಯದು. ಹೀಗಾಗಿ ನೆಲದಲ್ಲಿ ನೆಟ್ಟ ಗಿಡಕ್ಕೆ ಒಣ ಎಲೆ, ಕಾಂಪೋಸ್ಟ್ ಹೊದಿಸಿದರೆ ಬೇರು ತಂಪಾಗಿರುತ್ತದೆ (ಹೊದಿಕೆ ಕಾಂಡಕ್ಕೆ ತಾಗದಿರಲಿ). ಕುಂಡದಲ್ಲಿ ಶಾಖ ಪಕ್ಕಗಳಿಂದಲೂ ನುಗ್ಗುವುದರಿಂದ ಆಳದ ಈ ರಕ್ಷಣೆ ಇಲ್ಲ. ಕುಂಡವೇ ಬೇಕಿದ್ದರೆ ದೊಡ್ಡದಿರಲಿ, ಕಪ್ಪು ಪ್ಲಾಸ್ಟಿಕ್ ಬೇಡ.

ದೊಡ್ಡ ಹೂವಿನ ಸಂಕರ ತಳಿಗಳನ್ನು ಬುಡ 5ರಿಂದ 8 ಸೆಂ.ಮೀ. ಮಣ್ಣಿನೊಳಗೆ ಇರುವಂತೆ ನೆಡಬೇಕು. ಇವುಗಳಿಗೆ ಶಿಲೀಂಧ್ರವೊಂದರಿಂದ ಬರುವ ಸೊರಗುರೋಗದಲ್ಲಿ ಇಡೀ ಬಳ್ಳಿ ಕೆಲವೇ ದಿನಗಳಲ್ಲಿ ಕಪ್ಪಗೆ ಜೋತುಬೀಳುತ್ತದೆ. ಆಗ ಗಿಡವನ್ನು ಕಿತ್ತೆಸೆಯಬೇಡಿ. ಬ್ರಿಟನ್ನಿನಲ್ಲಿರುವ ನಮ್ಮ ಬಂಧುಗಳೊಬ್ಬರು ಹಾಗೆ ಕಿತ್ತ ಬುಡದಲ್ಲಿ ಎರಡು ಹಸಿರು ಮೊಗ್ಗುಗಳು ಕಂಡವು. ಒಣಗಿದ ಭಾಗವನ್ನು ಕತ್ತರಿಸಿ ಸುಟ್ಟು, ಮಣ್ಣೊಳಗಿನ ಮೊಗ್ಗುಗಳಿಗೆ ಕಾಲ ಕೊಡಬೇಕು.

ಸವರುವ ವಿಷಯ ಸರಳ. ವಸಂತದಲ್ಲಿ ಹಳೆಯ ಕಾಂಡದ ಮೇಲೆ ಹೂಬಿಡುವ ‘ಮಾಂಟಾನಾ’ದಂಥವನ್ನು ಹೂವು ಮುಗಿದ ಮೇಲೆ ಸವರಬೇಕು. ಹೊಸ ಚಿಗುರಿನಲ್ಲಿ ಹೂಬಿಡುವ ಜ್ಯಾಕ್‌ಮನಿಯನ್ನು ಚಳಿಗಾಲದ ಕೊನೆಯಲ್ಲಿ ನೆಲದಿಂದ 30 ಸೆಂ.ಮೀ.ವರೆಗೆ ಕತ್ತರಿಸಬಹುದು. ಇದನ್ನು ಅದಲುಬದಲು ಮಾಡಿದವರು ಆ ವರ್ಷ ಬರೀ ಎಲೆಗಳನ್ನು ನೋಡಬೇಕಾದೀತು.

ಚಳಿಗಾಲದ ವಿಶ್ರಾಂತಿ ದೊರೆಯದ ನಮ್ಮ ಬಯಲುಸೀಮೆಯಲ್ಲಿ ಈ ಸಂಕರ ತಳಿಗಳು ಸಾಮಾನ್ಯವಾಗಿ ಚೆನ್ನಾಗಿ ಬಾರವು. ಆದರೆ ಮಲೆನಾಡಿನ ಅಧ್ಯಾಪಕರಿಗೆ ಕ್ಲೆಮ್ಯಾಟಿಸ್ ದೂರವೇನಲ್ಲ. ಪಶ್ಚಿಮಘಟ್ಟದ ಕಾಡಂಚುಗಳಲ್ಲಿ ಕ್ಲೆಮ್ಯಾಟಿಸ್ ಗೌರಿಯಾನಾ ಪೊದೆಗಳ ಮೇಲೆ ಹಬ್ಬಿರುತ್ತದೆ. ಕೆನೆಬಣ್ಣದ ಸಣ್ಣ ಹೂಗಳು, ಆಮೇಲೆ ಗಾಳಿಯಲ್ಲಿ ತೇಲುವ ಗರಿಬಾಲದ ಬೀಜಗಳು ಅದರ ಗುರುತು. ವಿದ್ಯಾರ್ಥಿಗಳೊಂದಿಗೆ ಹೋಗಿ, ಎಳೆಯ ತೊಟ್ಟೊಂದರ ಒಂದು ಬದಿಯನ್ನು ಕಡ್ಡಿಯಿಂದ ಮೆಲ್ಲಗೆ ಉಜ್ಜಿ, ಕೆಲವು ಗಂಟೆಗಳ ಅನಂತರ ಕೋನಮಾಪಕದಿಂದ ಬಾಗುವಿಕೆಯನ್ನು ಅಳೆಯಿರಿ. ತೊಟ್ಟುಗಳು ಸುತ್ತಿರುವ ಕಡ್ಡಿಗಳ ದಪ್ಪವನ್ನೂ ಅಳೆದು ಪಟ್ಟಿ ಮಾಡಿಸಿ. ಎಲೆಗಳನ್ನು ಮಾತ್ರ ಜಜ್ಜಬೇಡಿ. ಅದರ ರಸ ಚರ್ಮಕ್ಕೆ ಉರಿ ತರುತ್ತದೆ, ಕೆಲಸ ಮುಗಿದ ಮೇಲೆ ಕೈ ತೊಳೆದುಕೊಳ್ಳುವುದು ಅಗತ್ಯ.