ನಿಮಗಿದು ಗೊತ್ತೇ? ಗದ್ದೆಯ ಕೆಸರಲ್ಲೊಂದು ರೋಗಾಣು

ಮಳೆಗಾಲದಲ್ಲಿ ಜ್ವರ ಬಂತೆಂದರೆ ಮುರ್ಡೇಶ್ವರ, ಭಟ್ಕಳ, ಹೊನ್ನಾವರದ ಕಡೆ ಮೊದಲು ನೆನಪಾಗುವುದು ಇಲಿಜ್ವರ, ಮಲೇರಿಯಾ, ಡೆಂಗಿ. ಗದ್ದೆಯ ಕೆಸರು, ನೀರಿನಿಂದ ಮೆಲಿಯಾಯ್ಡೋಸಿಸ್ ಎಂಬ ಇನ್ನೊಂದು ಕಾಯಿಲೆಯೂ ಬರುತ್ತದೆ. ಕರಾವಳಿಯ ರೋಗಿಗಳಲ್ಲಿ ಇದನ್ನು ಪತ್ತೆಹಚ್ಚುವುದರಲ್ಲಿ ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜು ದೇಶದಲ್ಲೇ ಮುಂಚೂಣಿಯಲ್ಲಿದೆ.

ರೋಗಾಣುವಿನ ಹೆಸರು ಬರ್ಕ್‌ಹೋಲ್ಡೇರಿಯಾ ಸೂಡೋಮ್ಯಾಲಿ. 1911ರಲ್ಲಿ ರಂಗೂನಿನಲ್ಲಿ ಇದನ್ನು ಮೊದಲು ಗುರುತಿಸಿದವರು ಆಲ್ಫ್ರೆಡ್ ವಿಟ್‌ಮೋರ್ ಮತ್ತು ಸಿ. ಎಸ್. ಕೃಷ್ಣಸ್ವಾಮಿ. ಕೃಷ್ಣಸ್ವಾಮಿಯವರ ಹೆಸರು ನಮ್ಮವರಿಗೇ ಗೊತ್ತಿಲ್ಲ ಎನ್ನುವುದು ಬೇಸರದ ಸಂಗತಿ.

ಬರಿಗಾಲಲ್ಲಿ ಗದ್ದೆಗಿಳಿದಾಗ ಒಡೆದ ಹಿಮ್ಮಡಿ, ತರಚಿದ ಚರ್ಮವೇ ಇದಕ್ಕೆ ಬಾಗಿಲು. ಕುದಿಸದ ನೀರು ಕುಡಿದರೂ, ಬಿರುಸಿನ ಗಾಳಿಮಳೆಯ ತುಂತುರು ಉಸಿರಿಗೆ ಹೋದರೂ ಬರಬಹುದು. ಒಬ್ಬರಿಂದ ಒಬ್ಬರಿಗೆ ಹರಡುವುದು ತೀರಾ ಅಪರೂಪ. ಹಾಗಾಗಿ ರೋಗಿಯನ್ನು ದೂರ ಇಡಬೇಕಿಲ್ಲ.

ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಸಕ್ಕರೆ ಕಾಯಿಲೆ ಇರುತ್ತದೆ. ಸಕ್ಕರೆ ಕಾಯಿಲೆಯವರು ಗದ್ದೆಗಿಳಿಯುವಾಗ ಗಾಯಕ್ಕೆ ನೀರು ತಾಗದ ಪಟ್ಟಿ, ಕಾಲಿಗೆ ಗಮ್‌ಬೂಟು ಹಾಕಿಕೊಳ್ಳಲೇಬೇಕು.

ಕೆಮ್ಮು, ಜ್ವರ, ತೂಕ ಇಳಿಯುವುದು, ಎಕ್ಸ್‌ರೇಯಲ್ಲಿ ಕಲೆ: ಎಲ್ಲವೂ ಕ್ಷಯದ ಹಾಗೆಯೇ ಕಾಣುವುದರಿಂದ ಕ್ಷಯದ ಮಾತ್ರೆ ಶುರುವಾಗಿಬಿಡುವುದುಂಟು. ಆ ಮಾತ್ರೆಗಳಿಂದ ಇದು ವಾಸಿಯಾಗುವುದಿಲ್ಲ. ಯಕೃತ್ತು, ಗುಲ್ಮದಲ್ಲಿ ಕೀವು ತುಂಬಬಹುದು. ಮಕ್ಕಳಿಗೆ ಕಿವಿಯ ಕೆಳಗೆ ಬಾವು ಬರುವುದೂ ಇದೆ.

ಹಾಗಾದರೆ ಪತ್ತೆ ಹೇಗೆ? ರಕ್ತ, ಕೀವು, ಕಫ, ಮೂತ್ರವನ್ನು ಕಲ್ಚರ್‌ಗೆ ಕಳಿಸುವುದೇ ದಾರಿ. ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ರೋಗಾಣುವಿನ ಎರಡು ತುದಿ ಮಾತ್ರ ಗಾಢವಾಗಿ ಕಾಣುತ್ತದೆ, ಥೇಟ್ ಸೇಫ್ಟಿ ಪಿನ್ನಿನಂತೆ. ಆಶ್‌ಡೌನ್ ಎಂಬ ವಿಶೇಷ ಮಾಧ್ಯಮದ ತಟ್ಟೆಯಲ್ಲಿ ಕೆಲವು ದಿನ ಬೆಳೆಸಿದರೆ ನೇರಳೆ ಬಣ್ಣದ, ಒಣಗಿ ಸುಕ್ಕುಗಟ್ಟಿದ ಚುಕ್ಕೆಗಳು ಏಳುತ್ತವೆ. ಈ ರೋಗ ಗೊತ್ತಿಲ್ಲದ ಪ್ರಯೋಗಾಲಯದಲ್ಲಿ ಇದನ್ನೇ ಸೂಡೋಮೋನಾಸ್ ಎಂಬ ಬೇರೆ ರೋಗಾಣು ಎಂದುಕೊಂಡು ಪಕ್ಕಕ್ಕಿಡುವ ಅಪಾಯವಿದೆ. ಸಂಶಯವಿದ್ದರೆ ವೈದ್ಯರು ಚೀಟಿಯಲ್ಲೇ ‘ಮೆಲಿಯಾಯ್ಡೋಸಿಸ್ ಇರಬಹುದೇ’ ಎಂದು ಬರೆದು ಕಳಿಸಿದರೆ ಜೀವ ಉಳಿದೀತು.

ಈ ರೋಗಾಣು ದೇಹದಲ್ಲಿ ವರ್ಷಗಟ್ಟಲೆ ಅಡಗಿಯೂ ಇರಬಲ್ಲದು. ಎರಡನೇ ಮಹಾಯುದ್ಧದ ಕಾಲದಲ್ಲಿ ಏಷ್ಯಾದಲ್ಲಿದ್ದ ಅಮೆರಿಕದ ಸೈನಿಕನೊಬ್ಬನಲ್ಲಿ ಇದು 62 ವರ್ಷಗಳ ನಂತರ ಕಾಣಿಸಿಕೊಂಡ ದಾಖಲೆಯಿದೆ!

ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 1,65,000 ಮಂದಿಗೆ ಈ ಕಾಯಿಲೆ ಬರುತ್ತದೆ, 89,000 ಮಂದಿ ಸಾಯುತ್ತಾರೆ ಎಂದು 2016ರ ಅಂದಾಜು. ಲಸಿಕೆ ಇನ್ನೂ ಬಂದಿಲ್ಲ. ಆದರೆ ಮದ್ದಿದೆ. ಸೆಫ್ಟಾಜಿಡೈಮ್ ಕೊಟ್ಟರೆ ತೀವ್ರ ರೋಗಿಗಳ ಸಾವು ಅರ್ಧಕ್ಕಿಳಿಯುತ್ತದೆಂದು 1989ರಲ್ಲೇ ಥಾಯ್ಲೆಂಡಿನ ಅಧ್ಯಯನ ತೋರಿಸಿತು. ಅದನ್ನೋ ಮೆರೊಪೆನೆಮ್ ಅನ್ನೋ ಕನಿಷ್ಠ 10ರಿಂದ 14 ದಿನ ನರಕ್ಕೆ ಕೊಡುತ್ತಾರೆ. ಆಮೇಲೆ ಕೋಟ್ರೈಮಾಕ್ಸಜೋಲ್ ಮಾತ್ರೆ, ಕನಿಷ್ಠ ಮೂರು ತಿಂಗಳು. ಜ್ವರ ಬಿಟ್ಟಿತು, ಗದ್ದೆ ಕೆಲಸ ಕಾಯುತ್ತಿದೆ ಎಂದು ಮಾತ್ರೆಯನ್ನು ನಡುವೆಯೇ ನಿಲ್ಲಿಸಿದವರಿಗೆ ಕಾಯಿಲೆ ಮರುಕಳಿಸುವ ಸಂಭವ ಹೆಚ್ಚು.