ಜೀಪಿನ ಟ್ರಾನ್ಸ್‌ಫರ್ ಕೇಸು ಕೆಟ್ಟರೆ ಏನು ಮಾಡಬೇಕು?

ಡೆಂಕಣಿಕೋಟೆ, ಅಂಚೆಟ್ಟಿ, ತಳಿ ಕಡೆಯ ಬೆಟ್ಟದ ಹಳ್ಳಿಗಳಲ್ಲಿ ಹಳೆಯ ಜೀಪು ಇಂದಿಗೂ ದುಡಿಯುತ್ತಿದೆ. ರಾಗಿ ಮೂಟೆ, ಹುಣಿಸೆಹಣ್ಣು, ಟೊಮೇಟೊ, ಗೊಬ್ಬರ ಎಲ್ಲವನ್ನೂ ಅದೇ ಹೊರುತ್ತದೆ. ಮಳೆ ಬಿದ್ದು ದಾರಿ ಕೆಸರಾದಾಗ ಮಿಕ್ಕ ಗಾಡಿಗಳು ಬೆಟ್ಟದ ಬುಡದಲ್ಲೇ ನಿಂತುಬಿಡುತ್ತವೆ. ನಡುರಾತ್ರಿ ಹೆರಿಗೆಯ ಹೆಂಗಸನ್ನು ಆಸ್ಪತ್ರೆಗೆ ಒಯ್ಯಬೇಕಾದರೂ ನಾಲ್ಕು ಗಾಲಿಯೂ ಎಳೆಯುವ ಜೀಪೇ ಗತಿ. ಇಂಥ ಜೀಪು ಕೆಟ್ಟು ನಿಂತಾಗ ಮೇಸ್ತ್ರಿ ನೋಡಿ, “ಟ್ರಾನ್ಸ್‌ಫರ್ ಕೇಸು ಹೋಗಿದೆ, ಬೇರೆ ಹಾಕಬೇಕು” ಎನ್ನುವುದುಂಟು. ಈ ಮಾತು ಕೇಳಿದೊಡನೆ ಸಾಲ ಹುಡುಕಲು ಹೊರಡುವ ಮೊದಲು ರೈತನು ತಿಳಿದಿರಬೇಕಾದ ಕೆಲವು ಸಂಗತಿಗಳನ್ನು ಇಲ್ಲಿ ವಿವರಿಸುತ್ತೇವೆ.

ಟ್ರಾನ್ಸ್‌ಫರ್ ಕೇಸು ಎಂದರೇನು?

ಇಂಜಿನ್ನಿನ ಬಲ ಮೊದಲು ಗೇರ್ ಬಾಕ್ಸಿಗೆ ಬರುತ್ತದೆ. ಅದರ ಬೆನ್ನಿಗೇ ಇನ್ನೊಂದು ಎರಕದ ಕಬ್ಬಿಣದ ಪೆಟ್ಟಿಗೆ ಇದೆ. ಅದೇ ಟ್ರಾನ್ಸ್‌ಫರ್ ಕೇಸು. ಕಾಲುವೆಯ ನೀರನ್ನು ಎರಡು ಕವಲಿಗೆ ಹಂಚುವ ಹಾಗೆ ಈ ಪೆಟ್ಟಿಗೆಯು ಬಲವನ್ನು ಹಿಂದಿನ ಗಾಲಿಗಳಿಗೂ ಮುಂದಿನ ಗಾಲಿಗಳಿಗೂ ಹಂಚುತ್ತದೆ. ಹಳೆಯ ಜೀಪಿನಲ್ಲಿ ಇದಕ್ಕೆ ಎರಡು ಸಣ್ಣ ಕೈಗೋಲುಗಳುಂಟು. ಒಂದು ಮುಂದಿನ ಗಾಲಿಗಳಿಗೆ ಬಲ ಕೊಡಲು ಮತ್ತು ಬಿಡಿಸಲು. ಇನ್ನೊಂದು ‘ಹೈ’ ಮತ್ತು ‘ಲೋ’ ಹಾಕಲು. ಲೋ ಹಾಕಿದರೆ ಗಾಲಿಯ ವೇಗ ಸುಮಾರು ಎರಡೂವರೆ ಪಾಲು ತಗ್ಗಿ, ಎಳೆಯುವ ಬಲ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ. ಏರಿನಲ್ಲಿ ಹೊರೆ ಎಳೆಯುವುದಕ್ಕೂ, ಇಳಿಜಾರಿನಲ್ಲಿ ಇಂಜಿನ್ನಿನಿಂದಲೇ ಗಾಡಿಯನ್ನು ತಡೆದು ಇಳಿಸುವುದಕ್ಕೂ ಇದು ಬೇಕು.

ಅಮೆರಿಕದ ವಿಲ್ಲಿಸ್ ಕಂಪೆನಿಯು ಯುದ್ಧಕಾಲದ ಜೀಪನ್ನು ೧೯೪೫ರಲ್ಲಿ ರೈತರಿಗೂ ಮಾರಲು ತೊಡಗಿತು. ಟ್ರಾನ್ಸ್‌ಫರ್ ಕೇಸಿನ ಹಿಂಬದಿಯ ಮುಚ್ಚಳ ತೆಗೆದು ಅಲ್ಲಿಂದಲೇ ಬಲ ಪಡೆದು ಒಕ್ಕಣೆಯ ಯಂತ್ರ ಮೊದಲಾದುವನ್ನು ತಿರುಗಿಸುವ ಏರ್ಪಾಡು ಅದರಲ್ಲಿತ್ತು. ನಮ್ಮ ದೇಶದಲ್ಲಿ ಮಹೀಂದ್ರಾ ಕಂಪೆನಿಯವರು ೧೯೪೯ರಲ್ಲಿ ಮುಂಬಯಿಯಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸಲು ಆರಂಭಿಸಿದರು. ಆ ಮಾದರಿಯ ಜೀಪುಗಳು ದಶಕಗಳ ಕಾಲ ತಯಾರಾದವು. ನಾವು ಇಲ್ಲಿ ಹೇಳುವುದು ಮುಖ್ಯವಾಗಿ ಆ ಮಾದರಿಯ ಪೆಟ್ಟಿಗೆಯ ವಿಷಯ. ಈಚಿನ ಕೆಲವು ವಾಹನಗಳ ಪೆಟ್ಟಿಗೆಯೊಳಗೆ ಸರಪಳಿ ಇರುತ್ತದೆ, ಎಣ್ಣೆಯೂ ಬೇರೆ. ಅವುಗಳಿಗೆ ಅವುಗಳ ಕೈಪಿಡಿಯೇ ಪ್ರಮಾಣ. ಹಿಂದಿನ ಎರಡೇ ಗಾಲಿ ಎಳೆಯುವ ಜೀಪುಗಳೂ ಬಹಳ ಇವೆ. ಅವಕ್ಕೆ ಈ ಪೆಟ್ಟಿಗೆಯೇ ಇಲ್ಲ.

ಮೊದಲು ಗಾಲಿಗೆ ಕಲ್ಲು

ಎಲ್ಲಕ್ಕಿಂತ ಮುಖ್ಯವಾದ ಸಂಗತಿ ಇದು. ಹಳೆಯ ಜೀಪಿನಲ್ಲಿ ಹ್ಯಾಂಡ್ ಬ್ರೇಕು ಗಾಲಿಯಲ್ಲಿಲ್ಲ. ಟ್ರಾನ್ಸ್‌ಫರ್ ಕೇಸಿನ ಹಿಂದುಗಡೆ, ಪ್ರೊಪೆಲ್ಲರ್ ಶಾಫ್ಟು ಸೇರುವ ಜಾಗದಲ್ಲಿದೆ. ಕೆಳಗೆ ಬಗ್ಗಿ ನೋಡಿದರೆ ಅಲ್ಲಿ ಸಣ್ಣ ಡ್ರಮ್ಮು ಕಾಣುತ್ತದೆ. ಅದು ಹಿಡಿಯುವುದು ಶಾಫ್ಟನ್ನು. ಶಾಫ್ಟಿನ ಮೂಲಕ ಗಾಲಿಯನ್ನು. ಆದಕಾರಣ ಹಿಂದಿನ ಶಾಫ್ಟು ಬಿಚ್ಚಿದ ಗಳಿಗೆಯಲ್ಲಿ ಹ್ಯಾಂಡ್ ಬ್ರೇಕು ಇದ್ದೂ ಇಲ್ಲದಂತೆ. ಅದೇ ರೀತಿ, ಟ್ರಾನ್ಸ್‌ಫರ್ ಕೇಸಿನ ಕೈಗೋಲು ಹೈಗೂ ಲೋಗೂ ನಡುವೆ ನಿಂತಿದ್ದರೆ, ಗೇರಿನಲ್ಲಿ ನಿಲ್ಲಿಸಿದ್ದೇವೆ ಎಂಬ ಧೈರ್ಯ ಸುಳ್ಳು. ಮೊದಲನೇ ಗೇರು ಹಾಕಿದ್ದರೂ ಗಾಡಿ ಉರುಳುತ್ತದೆ. ಒಳಗೆ ಹಲ್ಲು ಮುರಿದಿದ್ದರೂ ಹಾಗೆಯೇ.

ಆದ್ದರಿಂದ ಪೆಟ್ಟಿಗೆ ಕೆಟ್ಟಿದೆ ಎಂಬ ಸಂಶಯ ಬಂದ ಕೂಡಲೇ ಗಾಲಿಗಳ ಎರಡು ಮಗ್ಗುಲಿಗೂ ದಪ್ಪ ಕಲ್ಲು ಕೊಡತಕ್ಕದ್ದು. ಇಳಿಜಾರಿನಲ್ಲಿ ಜೀಪಿನ ಕೆಳಗೆ ಯಾರೂ ನುಸಿಯಕೂಡದು. ಎಳೆದಾದರೂ ಸಮತಟ್ಟಾದ ಜಾಗಕ್ಕೆ ತಂದ ಮೇಲೆಯೇ ಬಿಚ್ಚುವ ಕೆಲಸ.

ರೋಗವನ್ನು ಗುರುತಿಸುವುದು

ಶಬ್ದ ಬಂದರೆ ಅದು ಟ್ರಾನ್ಸ್‌ಫರ್ ಕೇಸಿನದೇ ಎಂದು ನಿರ್ಧರಿಸಬಾರದು. ಗೇರ್ ಬಾಕ್ಸು, ಶಾಫ್ಟಿನ ಕ್ರಾಸು, ಹಿಂದಿನ ಹೌಸಿಂಗು ಇವೂ ಕಿರುಚುತ್ತವೆ. ಒಂದು ಸುಲಭ ಪರೀಕ್ಷೆ ಇದೆ. ಗಾಡಿಯನ್ನು ಸಮತಟ್ಟಿನಲ್ಲಿ ನಿಲ್ಲಿಸಿ ಗಾಲಿಗೆ ಕಲ್ಲು ಕೊಡಿ. ಟ್ರಾನ್ಸ್‌ಫರ್ ಕೇಸಿನ ಕೈಗೋಲನ್ನು ನಡುವೆ ನಿಲ್ಲಿಸಿ, ಇಂಜಿನ್ ಚಾಲೂ ಮಾಡಿ, ಗೇರು ಹಾಕಿ ಕ್ಲಚ್ಚನ್ನು ಮೆಲ್ಲಗೆ ಬಿಡಿ. ಈಗ ಗೇರ್ ಬಾಕ್ಸೂ ಟ್ರಾನ್ಸ್‌ಫರ್ ಕೇಸಿನ ನಡುವಿನ ಗೇರೂ ತಿರುಗುತ್ತವೆ, ಶಾಫ್ಟುಗಳು ತಿರುಗುವುದಿಲ್ಲ. ಈಗಲೂ ಶಬ್ದ ಬಂದರೆ ದೋಷವು ಆ ಎರಡರಲ್ಲಿ ಒಂದರಲ್ಲಿದೆ. ಗೇರನ್ನೂ ನ್ಯೂಟ್ರಲ್ಲಿಗೆ ತಂದ ಮೇಲೆ ಶಬ್ದ ಉಳಿದರೆ ಅದು ಗೇರ್ ಬಾಕ್ಸಿನ ಕಡೆಯದು. ಗಾಡಿ ಓಡುವಾಗ ಮಾತ್ರ ಶಬ್ದ ಬರುವುದಾದರೆ ಟ್ರಾನ್ಸ್‌ಫರ್ ಕೇಸಿನ ಹೊರಶಾಫ್ಟಿನ ಬೇರಿಂಗು, ಕ್ರಾಸು, ಹೌಸಿಂಗು ಇವನ್ನು ನೋಡತಕ್ಕದ್ದು.

ಎರಡನೆಯ ಗುರುತು ಎಣ್ಣೆ. ಕೆಳಗಿನ ಬಿರಡೆ ಬಿಚ್ಚಿ ಎಣ್ಣೆಯನ್ನು ಬಿಳಿ ತಟ್ಟೆಗೆ ಇಳಿಸಿ. ನುಣ್ಣನೆಯ ಬೂದು ಪುಡಿ ಇದ್ದರೆ ಅದು ಸಹಜ ಸವೆತ. ಚೂರುಗಳು, ಹಲ್ಲಿನ ತುಂಡು, ಬೇರಿಂಗಿನ ಸೂಜಿಗಳು ಬಂದರೆ ಪೆಟ್ಟಿಗೆ ಬಿಚ್ಚಲೇಬೇಕು. ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಹಳ್ಳ ದಾಟುವಾಗ ನೀರು ಹೊಕ್ಕಿದೆ ಎಂದರ್ಥ.

ಮೂರನೆಯದು, ಗೇರು ತಾನಾಗಿ ಬಿಟ್ಟುಕೊಳ್ಳುವುದು. ಇಳಿಜಾರಿನಲ್ಲಿ ಲೋ ಗೇರು ಚಿಮ್ಮಿ ಹೊರಬಂದರೆ ಇಂಜಿನ್ನಿನ ತಡೆ ತಪ್ಪಿ ಗಾಡಿ ಒಮ್ಮೆಲೇ ಓಡುತ್ತದೆ. ಹೊರೆಯ ಭಾರವೆಲ್ಲ ಕಾಲು ಬ್ರೇಕಿನ ಮೇಲೆ ಬೀಳುತ್ತದೆ. ಇದಕ್ಕೆ ಕಾರಣ ಕೈಗೋಲಿನ ಸಡಿಲವಿರಬಹುದು, ಕಂಬಿಯನ್ನು ಹಿಡಿಯುವ ಗುಂಡು ಮತ್ತು ಸ್ಪ್ರಿಂಗು ಇರಬಹುದು, ಸವೆದ ಹಲ್ಲೂ ಇರಬಹುದು. ಮೊದಲಿನ ಎರಡು ಅಲ್ಪ ಖರ್ಚಿನ ರಿಪೇರಿ. ಈ ದೋಷವಿರುವ ಗಾಡಿಯಲ್ಲಿ ಜನರನ್ನು ಕೂರಿಸಿಕೊಂಡು ಘಾಟಿ ಇಳಿಯಲೇಬಾರದು.

ರಿಪೇರಿಯೋ, ಬದಲಾವಣೆಯೋ?

ಈ ಪೆಟ್ಟಿಗೆಯಲ್ಲಿ ಬೇಗ ಸವೆಯುವುದು ನಡುವಿನ ಗೇರಿನ ಶಾಫ್ಟು, ಅದರ ಸೂಜಿ ಬೇರಿಂಗುಗಳು ಮತ್ತು ಎರಡು ಪಕ್ಕದ ವಾಷರುಗಳು. ಹೈ ಇರಲಿ ಲೋ ಇರಲಿ, ಬಲವೆಲ್ಲ ಈ ನಡುವಿನ ಗೇರಿನ ಮೂಲಕವೇ ಹಾಯುವುದರಿಂದ ಅದಕ್ಕೆ ವಿಶ್ರಾಂತಿಯೇ ಇಲ್ಲ. ಇವಿಷ್ಟೇ ಹೋಗಿದ್ದರೆ ಶಾಫ್ಟು, ಬೇರಿಂಗು, ವಾಷರು, ಆಯಿಲ್ ಸೀಲುಗಳನ್ನು ಹೊಸದಾಗಿ ಹಾಕಿದರೆ ಸಾಕು. ಇಡೀ ಪೆಟ್ಟಿಗೆ ಬದಲಿಸುವ ಅಗತ್ಯವಿಲ್ಲ. ಎರಕದ ಪೆಟ್ಟಿಗೆ ಸೀಳಿದ್ದರೆ, ಶಾಫ್ಟು ಕೂರುವ ತೂತು ಸವೆದು ಮೊಟ್ಟೆಯಾಕಾರಕ್ಕೆ ಬಂದಿದ್ದರೆ, ಅಥವಾ ಎರಡು ಮೂರು ಗೇರುಗಳ ಹಲ್ಲು ಮುರಿದಿದ್ದರೆ ಬದಲಿಸುವುದೇ ಲೇಸು. ಸವೆದ ತೂತಿಗೆ ಹೊಸ ಶಾಫ್ಟು ಹಾಕಿದರೆ ಎಣ್ಣೆ ಸೋರುವುದು ನಿಲ್ಲದು, ಶಾಫ್ಟೂ ಬಾಳದು.

ಬದಲಿ ಪೆಟ್ಟಿಗೆ ಕೊಳ್ಳುವಾಗ

ಹಳೆಯ ಪೆಟ್ಟಿಗೆಗಾಗಿ ನಮ್ಮವರು ಹೊಸೂರಿನ ಗುಜರಿಗೋ, ಬೆಂಗಳೂರಿನ ಜೆ.ಸಿ. ರಸ್ತೆಯ ಕಡೆಗೋ ಹೋಗುತ್ತಾರೆ. ಹೊರಗಿನಿಂದ ನೋಡಿದರೆ ಎಲ್ಲವೂ ಒಂದೇ ಹಾಗೆ ಕಾಣುತ್ತವೆ. ಒಳಗೆ ಒಂದೇ ಅಲ್ಲ. ನಡುವಿನ ಶಾಫ್ಟಿನ ದಪ್ಪ ಕಾಲಕಾಲಕ್ಕೆ ಬದಲಾಗಿದೆ: ಮುಕ್ಕಾಲು ಇಂಚು, ಒಂದೂ ಎಂಟನೇ ಒಂದು ಇಂಚು, ಒಂದೂಕಾಲು ಇಂಚು ಎಂದು ಮೂರು ಬಗೆಯುಂಟು. ಗೇರ್ ಬಾಕ್ಸಿನ ಶಾಫ್ಟಿನ ಮೇಲಿನ ಉದ್ದಗೀರುಗಳ ಎಣಿಕೆಯೂ, ಪೆಟ್ಟಿಗೆಯ ಮುಂಬದಿಯ ತೂತಿನ ಅಗಲವೂ ಬೇರೆ ಬೇರೆ ಇರುತ್ತವೆ. ಆದ್ದರಿಂದ ಬಿಚ್ಚಿದ ಹಳೆಯ ಪೆಟ್ಟಿಗೆಯನ್ನೇ ಜೊತೆಯಲ್ಲಿ ಒಯ್ದು, ಎದುರಿಗಿಟ್ಟು ಅಳೆದು, ಹಲ್ಲುಗಳನ್ನೂ ಗೀರುಗಳನ್ನೂ ಎಣಿಸಿ ಕೊಳ್ಳಬೇಕು. ಹಿಂದಿನ ಮುಚ್ಚಳ ತೆಗೆಸಿ ಒಳಗಿನ ಹಲ್ಲು ನೋಡಬೇಕು. ಶಾಫ್ಟನ್ನು ಹಿಡಿದು ಮೇಲೆ ಕೆಳಗೆ ಅಲುಗಿಸಿದರೆ ಬೇರಿಂಗಿನ ಸ್ಥಿತಿ ತಿಳಿಯುತ್ತದೆ. ಚೀಟಿ ಬರೆಸಿಕೊಳ್ಳಿ. ಅದು ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಇದ್ದರೆ ಬಲ್ಲವರಿಂದ ಓದಿಸಿಕೊಂಡೇ ಹಣ ಎಣಿಸಿ. ಹೊಂದದಿದ್ದರೆ ಹಿಂದಕ್ಕೆ ತೆಗೆದುಕೊಳ್ಳುವ ಮಾತು ಚೀಟಿಯಲ್ಲೇ ಇರಲಿ.

ಇಳಿಸಿ ಏರಿಸುವ ಕ್ರಮ

ಈ ಕೆಲಸ ಮೇಸ್ತ್ರಿಯದು. ಆದರೂ ಕ್ರಮ ತಿಳಿದಿದ್ದರೆ ಗಾಡಿಯ ಯಜಮಾನ ಪಕ್ಕದಲ್ಲಿ ನಿಂತು ನೋಡಬಹುದು.

೧. ಗೇರ್ ಬಾಕ್ಸು, ಟ್ರಾನ್ಸ್‌ಫರ್ ಕೇಸು ಎರಡರ ಎಣ್ಣೆಯನ್ನೂ ಇಳಿಸುವುದು.

೨. ಎರಡು ಪ್ರೊಪೆಲ್ಲರ್ ಶಾಫ್ಟುಗಳಿಗೂ ಸುಣ್ಣದಿಂದಲೋ ಬಣ್ಣದಿಂದಲೋ ಗುರುತು ಹಾಕಿ ಬಿಚ್ಚುವುದು. ಮತ್ತೆ ಅದೇ ಗುರುತಿಗೆ ಸೇರಿಸದಿದ್ದರೆ ಓಡುವಾಗ ನಡುಕ ಬರುತ್ತದೆ.

೩. ಹ್ಯಾಂಡ್ ಬ್ರೇಕಿನ ತಂತಿ, ಸ್ಪೀಡಾಮೀಟರಿನ ತಂತಿ, ಕೈಗೋಲುಗಳು ಇವನ್ನು ಬಿಡಿಸುವುದು.

೪. ಹಿಂದಿನ ಮುಚ್ಚಳ ತೆಗೆದು, ಗೇರ್ ಬಾಕ್ಸಿನ ಶಾಫ್ಟಿನ ತುದಿಯ ನಟ್ಟು ಬಿಚ್ಚಿ, ಸಾಧ್ಯವಾದರೆ ಅಲ್ಲಿರುವ ಗೇರನ್ನು ಹೊರತೆಗೆಯುವುದು.

೫. ಕೆಳಗೆ ಜ್ಯಾಕು ಕೊಟ್ಟು, ಆಧಾರದ ಬೋಲ್ಟನ್ನೂ ಎರಡು ಪೆಟ್ಟಿಗೆಗಳನ್ನು ಕೂಡಿಸುವ ಬೋಲ್ಟುಗಳನ್ನೂ ಬಿಚ್ಚಿ ಹಿಂದಕ್ಕೆ ಎಳೆಯುವುದು. ಇದು ಭಾರದ ವಸ್ತು, ಒಬ್ಬನೇ ಹಿಡಿಯತಕ್ಕದ್ದಲ್ಲ.

ಐದನೆಯ ಹಂತದಲ್ಲಿ ಒಂದು ಎಚ್ಚರ ಬೇಕು. ಪೆಟ್ಟಿಗೆಯನ್ನು ಹಿಂದಕ್ಕೆ ಎಳೆಯುವಾಗ ಗೇರ್ ಬಾಕ್ಸಿನ ಶಾಫ್ಟು ಅದರ ಜೊತೆ ಸರಿದು ಬರಬಾರದು. ಬಂದರೆ ಗೇರ್ ಬಾಕ್ಸಿನ ಒಳಗಿನ ಭಾಗಗಳು ಕಳಚಿಕೊಂಡು, ಇಲ್ಲದಿದ್ದ ಇನ್ನೊಂದು ಕೆಲಸ ತಲೆಗೆ ಬರುತ್ತದೆ. ಶಾಫ್ಟಿನ ತುದಿಗೆ ಒತ್ತುಕೊಟ್ಟು ಅದನ್ನು ಸ್ಥಳದಲ್ಲೇ ನಿಲ್ಲಿಸಬೇಕು.

ಏರಿಸುವಾಗ ಎಲ್ಲ ಸೀಲುಗಳೂ ಹೊಸದಿರಲಿ. ಹಿಂದಿನ ಬೇರಿಂಗಿನ ಮುಚ್ಚಳದ ಕೆಳಗಿರುವ ತೆಳು ಶಿಮ್ಮುಗಳನ್ನು ಕಳೆಯಬಾರದು. ಹೊರಶಾಫ್ಟು ಹಿಂದೆ ಮುಂದೆ ಆಡುವ ಅಳತೆ ಇಂಚಿನ ಸಾವಿರದಲ್ಲಿ ೪ರಿಂದ ೮ ಪಾಲು ಇರಬೇಕು. ಅದನ್ನು ಹೊಂದಿಸುವುದು ಆ ಶಿಮ್ಮುಗಳೇ. ಹಿಂದಿನ ಸೀಲು ಸೋರಿದರೆ ಎಣ್ಣೆ ನೇರವಾಗಿ ಹ್ಯಾಂಡ್ ಬ್ರೇಕಿನ ಡ್ರಮ್ಮಿಗೆ ಹೋಗಿ ಬ್ರೇಕು ಹಿಡಿಯುವುದಿಲ್ಲ. ಕೆಲಸ ಮುಗಿದ ಮೇಲೆ ಎರಡು ಪೆಟ್ಟಿಗೆಗಳಿಗೂ ಮೇಲಿನ ಬಿರಡೆಯ ಮಟ್ಟಕ್ಕೆ ಕೈಪಿಡಿಯಲ್ಲಿ ಹೇಳಿದ ಗೇರ್ ಆಯಿಲ್ ತುಂಬಿಸಿ. ಹೊರೆಯಿಲ್ಲದೆ ನಿಧಾನವಾಗಿ ಓಡಿಸಿ, ನಿಲ್ಲಿಸಿ, ಪೆಟ್ಟಿಗೆಯನ್ನು ಕೈಯಿಂದ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಷ್ಟು ಸುಟ್ಟರೆ ಎಲ್ಲೋ ಬಿಗಿಯಾಗಿದೆ. ಇಳಿಜಾರಿನಲ್ಲಿ ಹ್ಯಾಂಡ್ ಬ್ರೇಕು ಹಿಡಿಯುವುದನ್ನು ಪರೀಕ್ಷಿಸಿಯೇ ಮೇಸ್ತ್ರಿಗೆ ಕೂಲಿ ಕೊಡಿ.

ಮತ್ತೆ ಕೆಡದಂತೆ

ಈ ಪೆಟ್ಟಿಗೆಯ ಆಯುಸ್ಸು ಎಣ್ಣೆಯಲ್ಲಿದೆ. ಇಂಜಿನ್ನಿನ ಎಣ್ಣೆಯನ್ನು ನೋಡುವವರು ಇದನ್ನು ಮರೆಯುತ್ತಾರೆ. ಗೇರ್ ಬಾಕ್ಸಿನ ಎಣ್ಣೆಯನ್ನೂ ಇದರ ಎಣ್ಣೆಯನ್ನೂ ಒಂದೇ ಸಲ ನೋಡಬೇಕು. ಎರಡರ ನಡುವಿನ ಸೀಲು ಸವೆದರೆ ಎಣ್ಣೆ ಒಂದರಿಂದ ಇನ್ನೊಂದಕ್ಕೆ ಹರಿದು, ಒಂದು ತುಂಬಿ ಒಂದು ಬರಿದಾಗುತ್ತದೆ.

ಡಾಂಬರು ರಸ್ತೆಯಲ್ಲಿ ಮುಂದಿನ ಗಾಲಿಗಳಿಗೆ ಬಲ ಕೊಟ್ಟು ಓಡಿಸಬಾರದು. ತಿರುವಿನಲ್ಲಿ ಮುಂದಿನ ಗಾಲಿಗಳು ಹಿಂದಿನವಕ್ಕಿಂತ ಹೆಚ್ಚು ದೂರ ಉರುಳಬೇಕು. ಕೆಸರಿನಲ್ಲಾದರೆ ಗಾಲಿ ಜಾರಿ ಸರಿಹೋಗುತ್ತದೆ. ಗಟ್ಟಿ ರಸ್ತೆಯಲ್ಲಿ ಜಾರದು. ಜೋಡೆತ್ತುಗಳ ಹೆಜ್ಜೆ ತಪ್ಪಿದಾಗ ನೊಗ ತಿರುಚಿಕೊಳ್ಳುವ ಹಾಗೆ ಗೇರುಗಳು ತಿರುಚಿಕೊಂಡು ಹಲ್ಲು ಮುರಿಯುತ್ತವೆ. ಮುಂದೆ ಹೊಸ ಟಯರು, ಹಿಂದೆ ಸವೆದ ಟಯರು ಹಾಕಿದರೂ ಇದೇ ಕೇಡು. ಹೈನಿಂದ ಲೋಗೆ ಹಾಕುವಾಗ ಗಾಡಿಯನ್ನು ನಿಲ್ಲಿಸಿ ಹಾಕುವುದು ಒಳ್ಳೆಯದು.

ಆಳವಾದ ಹಳ್ಳ ದಾಟಿ ಬಂದ ವಾರದಲ್ಲೇ ಬಿರಡೆ ಸಡಿಲಿಸಿ ಎಣ್ಣೆಯ ಬಣ್ಣ ನೋಡಿರಿ. ಎಣ್ಣೆ ಬದಲಿಸಿದ ತಾರೀಖನ್ನೂ ಓಡಿದ ಮೈಲಿಯನ್ನೂ ಒಂದು ನೋಟ್ ಪುಸ್ತಕದಲ್ಲಿ ಬರೆದಿಡಿರಿ. ಶಾಲೆಗೆ ಹೋಗುವ ಮಕ್ಕಳಿಗೆ ಹೇಳಿದರೆ ಅವರೇ ಬರೆದಿಡುತ್ತಾರೆ. ಒಂದೂವರೆ ಲೀಟರಿಗೂ ಕಡಮೆ ಎಣ್ಣೆ ಹಿಡಿಯುವ ಪೆಟ್ಟಿಗೆ ಇದು. ಅಷ್ಟು ಎಣ್ಣೆಯನ್ನು ಕಾಲಕ್ಕೆ ಸರಿಯಾಗಿ ಬದಲಿಸುವವನ ಜೀಪು ಸುಗ್ಗಿಯಲ್ಲಿ ಕೈಕೊಡುವುದು ಅಪರೂಪ.