ಆರ್ಗನ್ ಅಟ್ಟದ ಮೇಷ್ಟ್ರು: ಸೆಜಾರ್ ಫ್ರಾಂಕ್

ಹತ್ತೊಂಬತ್ತನೆಯ ಶತಮಾನದ ಪ್ಯಾರಿಸ್ಸಿನಲ್ಲಿ ಚರ್ಚಿನ ಆರ್ಗನ್ ವಾದಕನ ಕೆಲಸವೆಂದರೆ ಬರೆದಿಟ್ಟ ಸಂಗೀತವನ್ನು ನೋಡಿಕೊಂಡು ನುಡಿಸುವುದಷ್ಟೇ ಆಗಿರಲಿಲ್ಲ. ಕ್ಯಾಥೊಲಿಕ್ ಬಲಿಪೂಜೆಯಲ್ಲಿ ಪಾದ್ರಿಗಳು ಪೀಠದತ್ತ ಬರುವಾಗ, ಕಾಣಿಕೆಯ ಅರ್ಪಣೆ ನಡೆಯುವಾಗ, ಪರಮಪ್ರಸಾದದ ವೇಳೆಯಲ್ಲಿ, ಕೊನೆಗೆ ಭಕ್ತರು ಹೊರಡುವಾಗ ವಾದ್ಯ ಮಾತನಾಡಬೇಕಿತ್ತು. ಪೀಠದ ಬಳಿಯ ಕಾರ್ಯ ಎರಡು ನಿಮಿಷಕ್ಕೆ ಮುಗಿಯಲಿ, ಹತ್ತು ನಿಮಿಷಕ್ಕೆ ಮುಗಿಯಲಿ, ಸಂಗೀತವೂ ಅದಕ್ಕೆ ಸರಿಯಾಗಿ ಬೆಳೆದು ಅದರೊಡನೆಯೇ ಮುಕ್ತಾಯಕ್ಕೆ ಬರಬೇಕಿತ್ತು. ಆದ್ದರಿಂದ ಒಳ್ಳೆಯ ಆರ್ಗನ್ ವಾದಕನೆಂದರೆ ಸ್ಥಳದಲ್ಲೇ ಸಂಗೀತ ಕಟ್ಟಬಲ್ಲವನು, ನಮ್ಮ ಸಂಗೀತದ ಮಾತಿನಲ್ಲಿ ಹೇಳುವುದಾದರೆ ಮನೋಧರ್ಮವುಳ್ಳವನು ಎಂದೇ ಅರ್ಥವಾಗಿತ್ತು. ಸೇಂಟ್ ಕ್ಲೊಟಿಲ್ಡ್ ಚರ್ಚಿನ ಆರ್ಗನ್ ಅಟ್ಟದಲ್ಲಿ ಮೂವತ್ತು ವರ್ಷಗಳಿಗೂ ಮಿಕ್ಕಿ ಈ ಕೆಲಸ ಮಾಡಿದ ಸೆಜಾರ್ ಫ್ರಾಂಕ್‌ನನ್ನು ಜಗತ್ತು ಇಂದು ನೆನೆಯುವುದು ಒಂದು ಸಿಂಫನಿ, ಒಂದು ವಯಲಿನ್ ಸೊನಾಟಾ ಮತ್ತು ಕೆಲವು ಆರ್ಗನ್ ಕೃತಿಗಳ ಕರ್ತೃವೆಂದು. ಆದರೆ ಆ ಕೃತಿಗಳು ಹುಟ್ಟಿದ್ದು ಹೊಟ್ಟೆಪಾಡಿನ ಕೆಲಸದಿಂದ ಬಿಡುವು ದೊರೆತಾಗಲಷ್ಟೇ ಎಂಬ ರೂಢಿಯ ಮಾತನ್ನು ತುಸು ಅನುಮಾನದಿಂದಲೇ ನೋಡಬೇಕಾಗುತ್ತದೆ.

ಫ್ರಾಂಕ್ ಹುಟ್ಟಿದ್ದು 1822ರ ಡಿಸೆಂಬರ್ 10ರಂದು, ಲೀಜ್ ನಗರದಲ್ಲಿ. ಇಂದು ಬೆಲ್ಜಿಯಂಗೆ ಸೇರಿರುವ ಆ ಊರು ಆಗ ನೆದರ್ಲೆಂಡ್ಸ್ ರಾಜ್ಯದಲ್ಲಿತ್ತು. ಮಗನನ್ನು ಊರೂರು ಮೆರೆಸುವ ಬಾಲಪ್ರತಿಭೆಯ ಪಿಯಾನೊ ವಾದಕನನ್ನಾಗಿ ಮಾಡಿ ಹಣ, ಹೆಸರು ಎರಡನ್ನೂ ಗಳಿಸಬೇಕೆಂಬ ಹಟ ತಂದೆಗಿತ್ತು. ಅದಕ್ಕಾಗಿಯೇ ಕುಟುಂಬ 1835ರಲ್ಲಿ ಪ್ಯಾರಿಸ್ಸಿಗೆ ಬಂತು, ಹುಡುಗ 1837ರಲ್ಲಿ ಅಲ್ಲಿನ ಕನ್ಸರ್ವೇಟರಿಯನ್ನು, ಎಂದರೆ ಸರ್ಕಾರ ನಡೆಸುವ ಉನ್ನತ ಸಂಗೀತ ವಿದ್ಯಾಲಯವನ್ನು, ಸೇರಿದ. 1838ರ ಪಿಯಾನೊ ಸ್ಪರ್ಧೆಯಲ್ಲಿ ಮೊದಲ ಬಾರಿಗೆ ಕಣ್ಣಿಗೆ ಬಿದ್ದ ರಚನೆಯನ್ನು ಬರೆದ ಶ್ರುತಿಯಲ್ಲಿ ನುಡಿಸದೆ ಮೂರು ಮನೆ ಕೆಳಗಿಳಿಸಿ ತಪ್ಪಿಲ್ಲದೆ ನುಡಿಸಿ ತೀರ್ಪುಗಾರರನ್ನು ಬೆರಗುಗೊಳಿಸಿದ್ದಕ್ಕೆ ಅವನಿಗೆ ವಿಶೇಷ ಗೌರವ ಬಹುಮಾನ ಬಂತು. 1841ರ ಆರ್ಗನ್ ಪರೀಕ್ಷೆಯಲ್ಲಿ ಅವನು ಮಾಡಿದ್ದು ಇನ್ನೂ ಅರ್ಥಪೂರ್ಣ. ಫ್ಯೂಗ್ ಕಟ್ಟಲು ಒಂದು ವಸ್ತುವನ್ನೂ, ಮುಕ್ತ ರಚನೆಗೆಂದು ಇನ್ನೊಂದು ವಸ್ತುವನ್ನೂ ಬೇರೆ ಬೇರೆಯಾಗಿ ಕೊಟ್ಟಿದ್ದಾಗ, ಎರಡೂ ಒಂದರೊಡನೊಂದು ಹೊಂದುತ್ತವೆಂದು ಕಂಡುಕೊಂಡ ಹುಡುಗ ಅವೆರಡನ್ನೂ ಹೆಣೆದು ಒಂದೇ ರಚನೆಯಾಗಿಸಿಬಿಟ್ಟ. ಫ್ಯೂಗ್ ಎಂದರೆ ಒಂದು ಸ್ವರಗುಚ್ಛವನ್ನು ಒಂದು ದನಿ ಎತ್ತಿಕೊಂಡ ಮೇಲೆ ಮತ್ತೊಂದು ದನಿ ಅದನ್ನೇ ಹಿಡಿದು ಹಿಂಬಾಲಿಸುತ್ತಾ, ಎಲ್ಲ ದನಿಗಳೂ ಏಕಕಾಲಕ್ಕೆ ಸ್ವತಂತ್ರವಾಗಿ ಸಾಗುವ ರಚನಾಕ್ರಮ. ತೀರ್ಪುಗಾರರಿಗೆ ಅವನ ಸಾಹಸ ಏನೆಂದೇ ತಿಳಿಯಲಿಲ್ಲ. ಗುರು ಫ್ರಾನ್ಸ್ವಾ ಬೆನ್ವಾ ವಿವರಿಸಿ ಹೇಳಿದ ಮೇಲೆ ದಕ್ಕಿದ್ದು ಎರಡನೆಯ ಬಹುಮಾನ. ದೂರದಲ್ಲಿಟ್ಟ ಎರಡು ಸಂಗೀತ ವಸ್ತುಗಳು ಒಳಗೊಳಗೇ ನಂಟರೆಂದು ತೋರಿಸುವ ಈ ಗೀಳು ಮುಂದೆ ಅವನ ಇಡೀ ಶೈಲಿಯ ಆಧಾರವಾಯಿತು.

ತಂದೆಯೊಡನೆ ಸಂಬಂಧ ಕೆಟ್ಟು ಫ್ರಾಂಕ್ ಮನೆ ಬಿಟ್ಟದ್ದು, 1848ರ ಫೆಬ್ರುವರಿ ಕ್ರಾಂತಿಯ ದಿನಗಳಲ್ಲಿ ಮದುವೆಯ ದಿಬ್ಬಣ ರಸ್ತೆತಡೆಗಳನ್ನು ಹತ್ತಿಳಿದು ಚರ್ಚು ತಲುಪಿದ್ದು ಜೀವನಚರಿತ್ರೆಕಾರರಿಗೆ ಪ್ರಿಯವಾದ ಪ್ರಸಂಗಗಳು. ಅವುಗಳಿಗಿಂತ ಮುಖ್ಯವಾದದ್ದು ಆ ಹೊತ್ತಿಗೆ ಅವನು ಮೆರೆಯುವ ವಾದಕನ ಹಾದಿಯನ್ನು ಬಿಟ್ಟು ಪಾಠ ಹೇಳುವ, ಚರ್ಚಿನಲ್ಲಿ ನುಡಿಸುವ ಬದುಕಿಗೆ ತಿರುಗಿಕೊಂಡದ್ದು. ಎರಡು ಸಣ್ಣ ಚರ್ಚುಗಳಲ್ಲಿ ಕೆಲಸ ಮಾಡಿದ ನಂತರ ಅವನು 1858ರಲ್ಲಿ ಹೊಸದಾಗಿ ಕಟ್ಟಿದ ಸೇಂಟ್ ಕ್ಲೊಟಿಲ್ಡ್ ಚರ್ಚನ್ನು ಸೇರಿದ. 1859ರ ಡಿಸೆಂಬರ್ 19ರಂದು ಅಲ್ಲಿನ ಮಹಾ ಆರ್ಗನ್ ಉದ್ಘಾಟನೆಯಾಯಿತು.

ಈ ವಾದ್ಯದ ಒಳಗನ್ನು ಕೊಂಚ ವಿವರವಾಗಿ ನೋಡಬೇಕು, ಏಕೆಂದರೆ ಫ್ರಾಂಕ್‌ನ ಸಂಗೀತ ಈ ಯಂತ್ರದ ಸ್ವಭಾವಕ್ಕೆ ಬಿಗಿಯಾಗಿ ಹೊಲೆದುಕೊಂಡಿದೆ. ಪೈಪ್ ಆರ್ಗನ್ ಮೂಲತಃ ಗಾಳಿವಾದ್ಯ. ತಿದಿಗಳು ಗಾಳಿಯನ್ನು ಒತ್ತಡದಲ್ಲಿ ಕೂಡಿಸಿಡುತ್ತವೆ, ವಾದಕ ಮನೆಯನ್ನು ಒತ್ತಿದಾಗ ಒಂದು ಕವಾಟ ತೆರೆದು ಆ ಗಾಳಿ ಕೊಳವೆಗೆ ನುಗ್ಗಿ ದನಿಯಾಗುತ್ತದೆ. ವಿದ್ಯುತ್ ಇಲ್ಲದ ಆ ಕಾಲದಲ್ಲಿ ತಿದಿ ತುಳಿಯಲು ಆಳುಗಳಿರುತ್ತಿದ್ದರು. ಒಂದೇ ಬಣ್ಣದ ದನಿ ಕೊಡುವ ಕೊಳವೆಗಳ ಒಂದು ಪೂರ್ಣ ಸಾಲನ್ನು ಸ್ಟಾಪ್ ಎನ್ನುತ್ತಾರೆ. ಕೊಳಲಿನಂಥ ಸಾಲು, ತುತ್ತೂರಿಯಂಥ ಸಾಲು, ಓಬೋ ಎಂಬ ಪಾಶ್ಚಾತ್ಯ ಸುಷಿರವಾದ್ಯದಂಥ ಸಾಲು ಹೀಗೆ ಬಗೆಬಗೆಯವಿದ್ದು, ಯಾವುದು ಬೇಕೋ ಅದರ ಗುಂಡಿಯನ್ನು ಎಳೆದುಕೊಳ್ಳಬೇಕು. ಸೇಂಟ್ ಕ್ಲೊಟಿಲ್ಡ್‌ನ ವಾದ್ಯದಲ್ಲಿ ಅಂಥ 46 ಸ್ಟಾಪ್‌ಗಳು, ಕೈಗಳಿಗೆ ಮೂರು ಮನೆಸಾಲುಗಳು, ಕಾಲುಗಳಿಗೆ ಇನ್ನೊಂದು ಮನೆಸಾಲು ಇದ್ದವು. ಇದನ್ನು ಕಟ್ಟಿದ ಅರಿಸ್ತಿದ್ ಕವಾಯೆ-ಕೋಲ್ ಫ್ರಾನ್ಸಿನ ಆರ್ಗನ್ ನಿರ್ಮಾಣಕ್ಕೆ ಹೊಸ ದಾರಿ ತೆಗೆದವನು. ಹಳೆಯ ಆರ್ಗನ್ನುಗಳ ಗಂಭೀರ ಏಕಪ್ರಕಾರತೆಗೆ ಬದಲಾಗಿ ವಾದ್ಯವೃಂದದ ಹಾಗೆ ಬಣ್ಣ ಬದಲಿಸುವ, ಮೆಲುದನಿಯಿಂದ ಅಬ್ಬರದವರೆಗೆ ನಯವಾಗಿ ಏರುವ ವಾದ್ಯ ಅವನ ಗುರಿಯಾಗಿತ್ತು. ಅದಕ್ಕೆ ಅವನು ಬಳಸಿದ ಮುಖ್ಯ ಉಪಾಯಗಳಲ್ಲೊಂದು, ಒಂದು ಮನೆಸಾಲಿನ ಕೊಳವೆಗಳನ್ನೆಲ್ಲ ಮರದ ದೊಡ್ಡ ಪೆಟ್ಟಿಗೆಯೊಳಗಿಟ್ಟು, ಆ ಪೆಟ್ಟಿಗೆಯ ಪಟ್ಟಿಬಾಗಿಲುಗಳನ್ನು ವಾದಕ ಕಾಲಿನಿಂದ ತೆರೆದು ಮುಚ್ಚುವಂತೆ ಮಾಡುವುದು. ಒತ್ತಿದ ಮನೆ ಒತ್ತಿದಂತೆಯೇ ಇರುವಾಗ ದನಿ ಹತ್ತಿರ ಬಂದು ದೂರ ಹೋಗುವುದು ಇದರಿಂದ ಸಾಧ್ಯವಾಯಿತು. ಫ್ರಾಂಕ್‌ನ ಆರ್ಗನ್ ಕೃತಿಗಳಲ್ಲಿ ಓಬೋ ಸ್ಟಾಪಿನ ಮೇಲೆ ಒಂಟಿಯಾಗಿ ಹಾಡುವ ಮಧುರ ಸ್ವರಮಾಲೆಗಳು ಮತ್ತೆ ಮತ್ತೆ ಬರುವುದಕ್ಕೆ ಈ ಪೆಟ್ಟಿಗೆಯೇ ಕಾರಣ.

ಹೊಸ ವಾದ್ಯದ ಕಾಲುಮನೆಗಳನ್ನು ಪಳಗಿಸಿಕೊಳ್ಳಲು ಅವನು 1858ರಲ್ಲಿ ಪ್ಲೆಯೆಲ್ ಕಂಪನಿಯಿಂದ ಅಭ್ಯಾಸದ ಕಾಲುಮನೆ ಹಲಗೆಯೊಂದನ್ನು ಮನೆಗೆ ತರಿಸಿಕೊಂಡ. ಆಗ ಅವನಿಗೆ ಮೂವತ್ತೈದರ ವಯಸ್ಸು, ಕಸುಬಿನಲ್ಲಿ ಹತ್ತು ವರ್ಷಗಳ ಅನುಭವ. ತಾನು ಕಲಿಯಬೇಕಾದದ್ದು ಇನ್ನೂ ಇದೆಯೆಂದು ಒಪ್ಪಿಕೊಳ್ಳುವ ಈ ಗುಣವನ್ನು ಗಮನಿಸಿದರೆ ಮುಂದೆ ಅವನು ಎಂಥ ಮೇಷ್ಟ್ರಾದನೆಂಬುದು ಅರ್ಥವಾಗುತ್ತದೆ. ಈ ವಾದ್ಯದ ಮೇಲೆ ಪಳಗಿದ ಕೈಯಿಂದಲೇ ‘ಆರು ರಚನೆಗಳು’ ಎಂಬ ಗುಚ್ಛ ಬಂದು 1868ರಲ್ಲಿ ಪ್ರಕಟವಾಯಿತು. ಅದಕ್ಕೂ ಮುನ್ನ, 1866ರಲ್ಲಿ, ಹೆಸರಾಂತ ಪಿಯಾನೊ ವಾದಕ ಲಿಸ್ಟ್ ಸ್ವತಃ ಸೇಂಟ್ ಕ್ಲೊಟಿಲ್ಡ್‌ನ ಅಟ್ಟ ಹತ್ತಿ ಬಂದು ಕೇಳಿ, ಬಾಖ್‌ನ ಹೆಸರೆತ್ತಿ ಹೊಗಳಿ ಹೋಗಿದ್ದ. ಆದರೆ ಪ್ಯಾರಿಸ್ಸಿನ ಸಂಗೀತ ಪ್ರಪಂಚಕ್ಕೆ ಆಗ ಬೇಕಾಗಿದ್ದುದು ಒಪೆರಾ. ಆರ್ಗನ್ ಅಟ್ಟದಲ್ಲಿ ಏನು ನಡೆಯುತ್ತಿದೆಯೆಂದು ವಿಚಾರಿಸುವ ವ್ಯವಧಾನ ಅಲ್ಲಿ ಹೆಚ್ಚಿನವರಿಗಿರಲಿಲ್ಲ.

ಅವನ ದಿನಚರಿ ಮುಂಜಾನೆ ಐದೂವರೆಗೆ ಮೊದಲಾಗುತ್ತಿತ್ತು. ಮೊದಲ ಎರಡು ಗಂಟೆ ಸ್ವಂತ ರಚನೆಗೆ. ಆಮೇಲೆ ಉಪಾಹಾರ ಮುಗಿಸಿ ಹೊರಟರೆ ಸಂಜೆಯವರೆಗೂ ಊರಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಪಾಠಗಳಿಗಾಗಿ ಓಡಾಟ. ಹುಡುಗಿಯರ ವಸತಿಶಾಲೆಗಳು, ಶ್ರೀಮಂತರ ಮನೆಗಳು, ವೋಜಿರಾರ್‌ನಲ್ಲಿದ್ದ ಜೆಸ್ವಿಟ್ ಪಾದ್ರಿಗಳ ಕಾಲೇಜು ಅವನ ಸುತ್ತಾಟದ ತಾಣಗಳಾಗಿದ್ದವು. ಪಿಯಾನೊದಲ್ಲಿ ಬೆರಳಿಡುವ ಪಾಠ ಹೇಳಿಸಿಕೊಳ್ಳುವ ಮಕ್ಕಳ ನಡುವೆಯೂ ಅವನ ಕಣ್ಣು ಹುಡುಕುತ್ತಿತ್ತು. ಫ್ರೆಂಚ್ ಭಾವಗೀತೆಯ ದೊಡ್ಡ ಹೆಸರುಗಳಲ್ಲೊಬ್ಬನಾದ ಆನ್ರಿ ಡ್ಯೂಪಾರ್ಕ್ ಅವನಿಗೆ ಸಿಕ್ಕಿದ್ದು ಆ ಜೆಸ್ವಿಟ್ ಕಾಲೇಜಿನಲ್ಲಿಯೇ.

1872ರಲ್ಲಿ ಬೆನ್ವಾ ನಿವೃತ್ತನಾದಾಗ ಕನ್ಸರ್ವೇಟರಿಯ ಆರ್ಗನ್ ಪ್ರಾಧ್ಯಾಪಕನ ಸ್ಥಾನ ಫ್ರಾಂಕ್‌ಗೆ ಬಂತು. ಆ ಹುದ್ದೆಗೆ ಫ್ರೆಂಚ್ ಪ್ರಜೆಯಾಗಿರಬೇಕಿತ್ತು. ತಂದೆಯ ಮೂಲಕ ಬಂದಿದ್ದ ಪೌರತ್ವ ಪ್ರಾಪ್ತವಯಸ್ಕನಾದ ಮೇಲೆ ತನಗೆ ಉಳಿದಿಲ್ಲವೆಂಬುದು ತಿಳಿದು, 1873ರಲ್ಲಿ ಅವನು ಅದನ್ನು ಸ್ವಂತ ಹೆಸರಿನಲ್ಲಿ ಪಡೆಯಬೇಕಾಯಿತು. ತರಗತಿ ವಾರಕ್ಕೆ ಮೂರು ಬಾರಿ, ಎರಡೆರಡು ಗಂಟೆ ನಡೆಯುತ್ತಿತ್ತು. ಅಲ್ಲಿದ್ದ ಆರ್ಗನ್ ಸೇಂಟ್ ಕ್ಲೊಟಿಲ್ಡ್‌ನ ವಾದ್ಯದ ಮುಂದೆ ನಿಲ್ಲುವಂಥದ್ದಲ್ಲ. ಪರೀಕ್ಷೆಗೆ ಬರೆದ ರಚನೆಯೊಂದನ್ನು ಕಂಠಪಾಠವಾಗಿ ನುಡಿಸುವುದರ ಜೊತೆಗೆ ಸ್ಥಳದಲ್ಲೇ ಕಟ್ಟಬೇಕಾದ ಮೂರು ಅಂಗಗಳಿದ್ದವು. ಒಂದು, ಪ್ಲೇನ್‌ಚಾಂಟ್ ಎಂಬ, ತಾಳದ ಕಟ್ಟಿಲ್ಲದ ಏಕದನಿಯ ಪ್ರಾಚೀನ ಚರ್ಚ್ ಗಾಯನಕ್ಕೆ ಆಸರೆಯ ದನಿಗಳನ್ನು ಹೊಂದಿಸುವುದು. ಗಾಯನದ ಸ್ವರಗಳನ್ನು ಮೊದಲು ಮೇಲಿನ ದನಿಗೆ ಕೊಟ್ಟು, ಆಮೇಲೆ ಅವನ್ನೇ ಕೆಳಗಿನ ಮಂದ್ರಕ್ಕಿಳಿಸಿ ಮೇಲೆ ಬೇರೆ ದನಿಗಳನ್ನು ಹೆಣೆಯಬೇಕು. ಇನ್ನೊಂದು, ಕೊಟ್ಟ ವಸ್ತುವಿನ ಮೇಲೆ ಫ್ಯೂಗ್. ಮತ್ತೊಂದು, ಕೊಟ್ಟ ವಸ್ತುವನ್ನು ಬೆಳೆಸುತ್ತಾ ಮುಕ್ತವಾಗಿ ಸಾಗುವ ರಚನೆ. ತರಗತಿಯ ಬಹುಪಾಲು ಹೊತ್ತು ಈ ಮೂರಕ್ಕೇ ಹೋಗುತ್ತಿತ್ತೆಂದು, ಫ್ರಾಂಕ್‌ನ ಕೊನೆಗಾಲದಲ್ಲಿ ಶಿಷ್ಯನಾದ ಲೂಯಿ ವಿಯೆರ್ನ್ ಬರೆದಿದ್ದಾನೆ.

ವಿದ್ಯಾರ್ಥಿ ನುಡಿಸುತ್ತಾ ಒಂದೇ ಶ್ರುತಿಯಲ್ಲಿ ತಂಗಿಬಿಟ್ಟರೆ ಮೇಷ್ಟ್ರು ಬೇರೆ ಶ್ರುತಿಗೆ ಹೊರಳೆಂದು ಒತ್ತಾಯಿಸುತ್ತಿದ್ದರು. ಪಾಶ್ಚಾತ್ಯ ಸಂಗೀತದಲ್ಲಿ ಹೀಗೆ ಆಧಾರಸ್ವರವನ್ನೇ ಬದಲಿಸುತ್ತಾ ಹೋಗುವುದಕ್ಕೆ ಮಾಡ್ಯುಲೇಷನ್ ಎನ್ನುತ್ತಾರೆ. ಫ್ರಾಂಕ್‌ನ ಸ್ವಂತ ಸಂಗೀತದಲ್ಲಿ ಅದು ಎಷ್ಟು ದಟ್ಟವಾಗಿದೆಯೆಂದರೆ ಕೆಲವೊಮ್ಮೆ ಕೇಳುಗನಿಗೆ ನೆಲ ಸಿಗುವುದೇ ಇಲ್ಲ. ಕೆಲಕಾಲ ತರಗತಿಗೆ ಬಂದಿದ್ದ ಕ್ಲೋಡ್ ಡೆಬುಸಿ ಈ ಒತ್ತಾಯಕ್ಕೆ ರೇಗಿ, ಇದ್ದಲ್ಲೇ ಸುಖವಾಗಿರುವಾಗ ಹೊರಳುವುದೇಕೆಂದು ವಾದಿಸಿ ಬರುವುದನ್ನೇ ಬಿಟ್ಟನೆಂದು ಹೇಳುತ್ತಾರೆ. ಡೆಬುಸಿಯ ಮುಂದಿನ ಸಂಗೀತವನ್ನು ಕೇಳಿದವರು ಅವನ ಪ್ರಶ್ನೆಯಲ್ಲಿ ಹುರುಳಿತ್ತೆಂದು ಒಪ್ಪಲೇಬೇಕು. ಅದೇನೇ ಇರಲಿ, ಆರ್ಗನ್ ತರಗತಿ ಹೆಸರಿಗಷ್ಟೇ ಆರ್ಗನ್ನಿನದಾಗಿ, ಒಳಗೆ ರಚನೆಯ ಪಾಠವೇ ನಡೆಯುತ್ತಿದ್ದುದರಿಂದ ವ್ಯಾನ್ಸಾಂ ದಾಂದಿ, ಎರ್ನೆಸ್ಟ್ ಶೋಸಾನ್, ಗಾಬ್ರಿಯೆಲ್ ಪಿಯೆರ್ನೆ, ಗಿ ರೋಪಾರ್ಟ್ಸ್ ಮುಂತಾದ ಯುವ ರಚನಕಾರರು ಅವನ ಸುತ್ತ ಕೂಡಿಕೊಂಡರು. ರಚನೆಯನ್ನೇ ಕಲಿಸಲು ನೇಮಕಗೊಂಡಿದ್ದ ಪ್ರಾಧ್ಯಾಪಕರಿಗೆ ಇದು ಸಹನವಾಗಲಿಲ್ಲ, ಫ್ರಾಂಕ್‌ಗೆ ರಚನೆಯ ಪೀಠ ಕೊನೆಯವರೆಗೂ ದೊರೆಯಲಿಲ್ಲ. ಭಾನುವಾರ ಬೆಳಿಗ್ಗೆ ಈ ಶಿಷ್ಯರಲ್ಲಿ ಕೆಲವರು ಆರ್ಗನ್ ಅಟ್ಟಕ್ಕೂ ಬರುತ್ತಿದ್ದರು. ವಾರವಿಡೀ ತರಗತಿಯಲ್ಲಿ ಅಭ್ಯಾಸವಾಗಿ ನಡೆಯುತ್ತಿದ್ದುದೇ ಅಲ್ಲಿ ಪೂಜೆಯ ಅಂಗವಾಗಿ ನಡೆಯುತ್ತಿತ್ತು, ಒಮ್ಮೊಮ್ಮೆ ಮೇಷ್ಟ್ರು ಶಿಷ್ಯನನ್ನೇ ವಾದ್ಯದ ಮುಂದೆ ಕೂರಿಸುತ್ತಿದ್ದರು. ಪಾಠ, ಪೂಜೆ, ರಚನೆ ಎಂಬ ಮೂರು ಕೆಲಸಗಳ ನಡುವಿನ ಗೋಡೆ ಇಲ್ಲಿ ತೀರ ತೆಳುವಾಗಿತ್ತು.

ಈ ಮಾತಿಗೆ ಸಾಕ್ಷಿ ಕೃತಿಗಳಲ್ಲೇ ಇದೆ. ಇಂದು ಜಗತ್ತು ನೆನೆಯುವ ಫ್ರಾಂಕ್‌ನ ದೊಡ್ಡ ಕೃತಿಗಳಲ್ಲಿ ಬಹಳಷ್ಟು ಅವನು ಪ್ರಾಧ್ಯಾಪಕನಾದ ಮೇಲಿನವು: 1879ರ ಪಿಯಾನೊ ಕ್ವಿಂಟೆಟ್, ವಯಲಿನ್ ವಾದಕ ಎಜೆನ್ ಇಜಾಯ್‌ಗೆ ಮದುವೆಯ ಉಡುಗೊರೆಯಾಗಿ ಬರೆದ 1886ರ ಸೊನಾಟಾ, 1888ರ ಡಿ ಮೈನರ್ ಸಿಂಫನಿ. ಒಂದು ಭಾಗದ ವಸ್ತುವೇ ರೂಪ ಬದಲಿಸಿ ಮುಂದಿನ ಭಾಗಗಳಲ್ಲಿ ಮರಳಿ ಬಂದು ಇಡೀ ಕೃತಿಯನ್ನು ಕಟ್ಟಿಹಾಕುವ ‘ಆವರ್ತ’ ಕ್ರಮ ಇವುಗಳಲ್ಲಿದೆ. ಕೊಟ್ಟ ನಾಲ್ಕು ಸ್ವರಗಳನ್ನು ಹಿಂಡಿ ಹಿಂಡಿ ರಸ ತೆಗೆಯುವುದನ್ನು ವಾರಕ್ಕೆ ಆರು ಗಂಟೆ ಕಲಿಸುತ್ತಿದ್ದವನಿಗೆ ಈ ಕ್ರಮ ಸಹಜವಾಗಿಯೇ ಒದಗಿರಬೇಕು. ವಾದ್ಯವೃಂದವನ್ನು ಬಳಸುವಾಗಲೂ ಅವನು ಸ್ಟಾಪ್ ಎಳೆಯುವವನ ಹಾಗೆ ಬಣ್ಣಗಳನ್ನು ಗುಂಪುಗುಂಪಾಗಿ ಬದಲಿಸುತ್ತಾನೆ. ಅದನ್ನು ದೋಷವೆಂದು ಎಣಿಸಿದವರಿದ್ದಾರೆ, ಸಿಂಫನಿಯ ಕೆಲವು ಭಾಗಗಳಲ್ಲಿ ಅವರ ಮಾತು ನಿಜವೂ ಹೌದು. ಆದರೆ 1889ರ ಫೆಬ್ರುವರಿಯಲ್ಲಿ ಅದರ ಮೊದಲ ಪ್ರಯೋಗವಾದಾಗ ಕೇಳಿಬಂದ ಆಕ್ಷೇಪ ಬೇರೆಯೇ: ಸಿಂಫನಿಯಲ್ಲಿ ಕಾರ್ ಆಂಗ್ಲೇ, ಎಂದರೆ ಓಬೋ ಜಾತಿಯ ಮಂದ್ರವಾದ್ಯ, ಇರುವುದುಂಟೇ ಎಂದು ಒಬ್ಬ ಪ್ರಾಧ್ಯಾಪಕ ಮೂಗು ಮುರಿದನಂತೆ. ಹೈಡನ್ ತನ್ನ 22ನೆಯ ಸಿಂಫನಿಯಲ್ಲಿ ಅಂಥ ಎರಡು ವಾದ್ಯಗಳನ್ನು 1764ರಲ್ಲಿಯೇ ಬಳಸಿದ್ದ.

ಶಿಷ್ಯರು ಅವನನ್ನು ‘ಪೆರ್ ಫ್ರಾಂಕ್’, ಅಪ್ಪ ಫ್ರಾಂಕ್, ಎಂದು ಕರೆಯುತ್ತಿದ್ದರು. ಆ ಪ್ರೀತಿ ನಿಜವಾದದ್ದು. ಆದರೆ ದಾಂದಿ 1906ರಲ್ಲಿ ಬರೆದ ಜೀವನಚರಿತ್ರೆ ಗುರುವನ್ನು ಲೋಕದ ಅವಗಣನೆಯನ್ನು ಸಹಿಸಿದ ಸಂತನನ್ನಾಗಿ ಚಿತ್ರಿಸಿ, ಅಂತ್ಯಕ್ರಿಯೆಗೂ ಸಂಸ್ಥೆಯ ದೊಡ್ಡವರು ಬರಲಿಲ್ಲವೆಂಬ ಭಾವ ಮೂಡಿಸಿತು. ನಡೆದದ್ದು ಬೇರೆ. 1890ರಲ್ಲಿ ಫ್ರಾಂಕ್ ಕುಳಿತಿದ್ದ ಬಾಡಿಗೆ ಗಾಡಿಗೆ ಕುದುರೆ ಎಳೆಯುವ ಬಸ್ಸು ಗುದ್ದಿ ಪೆಟ್ಟಾಯಿತು. ಆಮೇಲೆ ಶರತ್ಕಾಲದಲ್ಲಿ ಹಿಡಿದ ನೆಗಡಿ ಎದೆಗಿಳಿದು ನವೆಂಬರ್ 8ರಂದು ತೀರಿಕೊಂಡ. ಸೇಂಟ್ ಕ್ಲೊಟಿಲ್ಡ್‌ನಲ್ಲಿ ನಡೆದ ಅಂತ್ಯಸಂಸ್ಕಾರದ ಪೂಜೆಗೆ ಕನ್ಸರ್ವೇಟರಿಯ ಪ್ರತಿನಿಧಿಯಾಗಿ ಲಿಯೋ ಡೆಲಿಬ್ ಬಂದಿದ್ದ. ಹೆಸರಾಂತ ರಚನಕಾರರಾದ ಸೇನ್-ಸಾನ್ಸ್, ಫೋರೆ, ವಿಡೋರ್ ಇದ್ದರು. 1885ರಲ್ಲಿ ಸರ್ಕಾರ ಲೀಜಿಯನ್ ಆಫ್ ಆನರ್ ಪದವಿಯನ್ನೂ ಕೊಟ್ಟಿತ್ತು. ಗುರುಭಕ್ತಿ ಬರೆದ ಚರಿತ್ರೆಯನ್ನು ಎಲ್ಲ ದೇಶಗಳಲ್ಲಿಯೂ ಸ್ವಲ್ಪ ಸೋಸಿಯೇ ಓದಬೇಕಾಗುತ್ತದೆ.

ಕೊನೆಯ ವರ್ಷದಲ್ಲಿ ಅವನ ಮೇಜಿನ ಮೇಲೆ ಎರಡು ಬಗೆಯ ಕೆಲಸಗಳಿದ್ದವು. ಒಂದು, ಆರ್ಗನ್ನಿಗೆ ಬರೆದ, ಸ್ತೋತ್ರಗೀತೆಯ ಧಾಟಿಯ ಮೂರು ಕೋರಾಲ್‌ಗಳು, ಅವನ ಆರ್ಗನ್ ಕೃತಿಗಳ ಶಿಖರ. ಇನ್ನೊಂದು, ದೊಡ್ಡ ಆರ್ಗನ್ ಕೊಳ್ಳಲಾರದ ಚಿಕ್ಕ ಚರ್ಚುಗಳ ವಾದಕರಿಗಾಗಿ ಹಾರ್ಮೋನಿಯಂ ಮೇಲೆ ನುಡಿಸಬಹುದಾದ ಪುಟ್ಟ ರಚನೆಗಳ ‘ಲೋರ್ಗಾನಿಸ್ತ್’ ಎಂಬ ಸಂಗ್ರಹ. ಯೋಜಿಸಿದಷ್ಟು ಮುಗಿಯದೆಯೇ ಅದು ನಿಂತಿತು. ಈ ಹಾರ್ಮೋನಿಯಂ 1842ರಲ್ಲಿ ಪ್ಯಾರಿಸ್ಸಿನಲ್ಲಿ ಅಲೆಕ್ಸಾಂಡರ್ ದೆಬೆಂ ಪೇಟೆಂಟ್ ಪಡೆದ ಕಾಲುತಿದಿಯ ವಾದ್ಯ. ಮುಂದೆ ಭಾರತಕ್ಕೆ ಬಂದು ಕೈತಿದಿಯ ಪೆಟ್ಟಿಗೆಯಾಗಿ ಕನ್ನಡದ ವೃತ್ತಿನಾಟಕ ಕಂಪನಿಗಳಿಗೂ ಭಜನೆಯ ಮನೆಗಳಿಗೂ ಹೊಕ್ಕದ್ದು ಇದೇ ವಂಶದ ಕುಡಿ. ಕೋರಾಲ್‌ನಂಥ ಕೃತಿಯನ್ನು ಬರೆಯುತ್ತಿದ್ದವನು ಅದೇ ಹೊತ್ತಿನಲ್ಲಿ ಹಳ್ಳಿ ಚರ್ಚಿನ ವಾದಕನಿಗೆಂದು ಅರ್ಧ ಪುಟದ ರಚನೆಗಳನ್ನೂ ಬರೆದದ್ದು ಅವನ ಸ್ವಭಾವಕ್ಕೆ ಒಪ್ಪುವಂಥದ್ದೇ.

ಫ್ರಾಂಕ್‌ನ ನಂತರ ಸೇಂಟ್ ಕ್ಲೊಟಿಲ್ಡ್‌ನ ಅಟ್ಟ ಶಿಷ್ಯರಾದ ಪಿಯೆರ್ನೆ, ಆಮೇಲೆ ಶಾರ್ಲ್ ತುರ್ನೆಮಿರ್ ಅವರಿಗೆ ಬಂತು. 1945ರಿಂದ 1987ರವರೆಗೆ ಅಲ್ಲಿದ್ದವನು ಅಂಧ ವಾದಕ ಜಾಂ ಲಾಂಗ್ಲೆ. ತುರ್ನೆಮಿರ್ ಕಾಲದಲ್ಲಿ 1933ರಲ್ಲಿ ವಾದ್ಯ ಹಿಗ್ಗಿತು, ಲಾಂಗ್ಲೆ ಕಾಲದಲ್ಲಿ 1962ರಲ್ಲಿ ಮತ್ತೆ ಬದಲಾಗಿ ವಿದ್ಯುತ್ ಚಾಲನೆಗೆ ಒಳಪಟ್ಟಿತು. ಫ್ರಾಂಕ್ ತನ್ನ ಕೃತಿಗಳಲ್ಲಿ ಯಾವ ಸ್ಟಾಪ್‌ಗಳನ್ನು ಎಲ್ಲಿ ಎಳೆಯಬೇಕೆಂದು ಬರೆದಿಟ್ಟ ಸೂಚನೆಗಳು ಮಾತ್ರ 1859ರ ವಾದ್ಯವನ್ನು ಕಣ್ಣ ಮುಂದಿಟ್ಟುಕೊಂಡವಾದ್ದರಿಂದ, ಬೇರೆ ಆರ್ಗನ್ನುಗಳ ಮುಂದೆ ಕೂರುವ ಇಂದಿನ ವಾದಕರು ಆ ಸೂಚನೆಗಳನ್ನು ಅಕ್ಷರಶಃ ಪಾಲಿಸಬೇಕೋ, ಅವು ಬಯಸಿದ ದನಿಯನ್ನು ತಮ್ಮ ವಾದ್ಯದಲ್ಲಿ ಬೇರೆ ಸ್ಟಾಪ್‌ಗಳಿಂದ ಹುಡುಕಬೇಕೋ ಎಂಬುದನ್ನು ಪ್ರತಿ ಬಾರಿಯೂ ತಾವೇ ತೀರ್ಮಾನಿಸಿಕೊಳ್ಳಬೇಕಾಗಿದೆ.